ಭಾರದ ಬೈಕ್ ಎತ್ತಲು ಜಾಕ್: ಟನ್ ಆಮೇಲೆ, ಮೊದಲು ತಳ ನೋಡಿ

ಹುಬ್ಬಳ್ಳಿಯ ಯಾವುದಾದರೂ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಬೈಕ್ ಎತ್ತುವುದಕ್ಕೆ ಒಂದು ಜಾಕ್ ಕೊಡಿ ಎಂದು ಕೇಳಿ ನೋಡಿ. ಕೌಂಟರಿನ ಮೇಲೆ ಮೊದಲು ಬಂದು ಕೂರುವುದು ಬಾಟಲಿಯಂತೆ ನೆಟ್ಟಗೆ ನಿಲ್ಲುವ ಹೈಡ್ರಾಲಿಕ್ ಬಾಟಲ್ ಜಾಕ್. "ಎರಡು ಟನ್ನಿನದು ರೀ ಸರ್, ಕಾರನ್ನೇ ಎತ್ತುತ್ತದೆ, ನಿಮ್ಮ ಬುಲೆಟ್ ಯಾವ ಲೆಕ್ಕ?" ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಮಾತಿನಲ್ಲಿ ಸುಳ್ಳಿಲ್ಲ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತೂಗುವುದು 195 ಕೆ.ಜಿ.; ಸೂಪರ್ ಮೀಟಿಯರ್ 650ರಂಥ ದೊಡ್ಡ ಗಾಡಿಯೂ 241 ಕೆ.ಜಿ. ಮಾತ್ರ. ಎರಡು ಟನ್ನಿನ ಮುಂದೆ ಇದೇನೂ ಅಲ್ಲ.

ಆದರೆ ಕಾರಿಗೆ ನಾಲ್ಕು ಗಾಲಿ. ಒಂದು ಮೂಲೆಯನ್ನು ಎತ್ತಿದರೆ ಉಳಿದ ಮೂರು ನೆಲ ಹಿಡಿದು ನಿಲ್ಲುತ್ತವೆ. ಬೈಕಿಗೆ ಇರುವುದೇ ಎರಡು, ಅವೂ ಒಂದೇ ಗೆರೆಯಲ್ಲಿ. ಜಾಕಿನ ಮೇಲಿನ ಬೈಕ್ ಸಾಮಾನ್ಯವಾಗಿ ಬೀಳುವುದು ಜಾಕಿಗೆ ಶಕ್ತಿ ಸಾಲದೆ ಅಲ್ಲ, ಪಕ್ಕಕ್ಕೆ ವಾಲಿ. 112 ಕೆ.ಜಿ.ಯ ಸ್ಪ್ಲೆಂಡರ್ ವಾಲಿದರೆ ಗಟ್ಟಿ ಆಳೊಬ್ಬ ಹಿಡಿದು ನಿಲ್ಲಿಸಿಯಾನು. ಇನ್ನೂರು ಕೆ.ಜಿ.ಯ ಗಾಡಿ ವಾಲತೊಡಗಿದರೆ ಕೈ ಕೊಡಲೇಬಾರದು, ಕಾಲು ತೆಗೆದು ದೂರ ಸರಿಯಬೇಕು. ಹೀಗಾಗಿ ಜಾಕ್ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಟನ್ ಎಂಬುದಲ್ಲ. ತಳ ಎಷ್ಟು ಅಗಲ, ಬೈಕನ್ನು ಎಷ್ಟು ಕಡೆ ಹಿಡಿಯುತ್ತದೆ, ಎತ್ತಿದ ಮೇಲೆ ಕಬ್ಬಿಣದ ಲಾಕ್ ಬೀಳುತ್ತದೆಯೇ ಎಂಬುದು.

ಇದನ್ನು ಸಣ್ಣ ಲೆಕ್ಕದಿಂದ ನೋಡಬಹುದು. ನಿಂತ ಬೈಕಿನ ಭಾರದ ಕೇಂದ್ರ ನೆಲದಿಂದ 55 ಸೆಂ.ಮೀ. ಮೇಲಿದೆ ಎಂದಿಟ್ಟುಕೊಳ್ಳಿ. ಎರಡೂ ಗಾಲಿ ಬಿಡುವಂತೆ 30 ಸೆಂ.ಮೀ. ಎತ್ತಿದರೆ ಅದು 85ಕ್ಕೆ ಹೋಗುತ್ತದೆ. ಜಾಕಿನ ತಳ 20 ಸೆಂ.ಮೀ. ಅಗಲವಿದ್ದರೆ ಸುಮಾರು 7 ಡಿಗ್ರಿ ವಾಲಿದ ಕೂಡಲೇ ಬೈಕು ಬಿದ್ದ ಹಾಗೆಯೇ. ತಳ 40 ಸೆಂ.ಮೀ. ಇದ್ದರೆ 13 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ. ಅದೇ ಅಗಲದ ತಳದ ಮೇಲೆ 30ರ ಬದಲು 10 ಸೆಂ.ಮೀ. ಮಾತ್ರ ಎತ್ತಿದರೆ 17 ಡಿಗ್ರಿ. ಅಗಲ ತಳ, ಕಡಿಮೆ ಎತ್ತರ: ಇವೆರಡು ನಿಮ್ಮ ಕೈಯಲ್ಲೇ ಇವೆ.

ಜಾಕ್ ನಿಜವಾಗಿ ಬೇಕೇ?

ಚೈನ್ ತೊಳೆದು ಎಣ್ಣೆ ಬಿಡುವುದು, ಹಿಂದಿನ ಗಾಲಿ ಬಿಚ್ಚುವುದು, ಇಷ್ಟೇ ಕೆಲಸವಾದರೆ ಮೇನ್ ಸ್ಟ್ಯಾಂಡಿಗಿಂತ ಒಳ್ಳೆಯ ಸಾಧನ ಅಂಗಡಿಯಲ್ಲಿ ಸಿಗುವುದಿಲ್ಲ. ಆ ಬೈಕಿನ ಭಾರ ನೋಡಿ ತಯಾರಕರೇ ಕೂರಿಸಿದ ಆಧಾರ ಅದು. ಈಗ ಬರುವ ಅನೇಕ ಗಾಡಿಗಳಿಗೆ ಮೇನ್ ಸ್ಟ್ಯಾಂಡ್ ಇರುವುದಿಲ್ಲ. ನಿಮ್ಮ ಮಾದರಿಗೆ ಅದು ಬಿಡಿಯಾಗಿ ಸಿಗುವುದಾದರೆ ಜಾಕಿಗೆ ಹಾಕುವ ಹಣವನ್ನು ಮೊದಲು ಅದಕ್ಕೆ ಹಾಕಿ.

ಮುಂದಿನ ಗಾಲಿ ಬಿಚ್ಚಬೇಕಾದಾಗ, ಫೋರ್ಕಿನ ಆಯಿಲ್ ಸೀಲ್ ಬದಲಿಸಬೇಕಾದಾಗ ಮೇನ್ ಸ್ಟ್ಯಾಂಡ್ ಒಂದೇ ಸಾಲದು. ಆಗಲೂ ಗಾಡಿಯನ್ನು ಮೇನ್ ಸ್ಟ್ಯಾಂಡ್ ಮೇಲೇ ನಿಲ್ಲಿಸಿ, ಎಂಜಿನ್ನಿನ ಮುಂಭಾಗಕ್ಕೆ ಸಣ್ಣ ಜಾಕ್ ಕೊಟ್ಟು ಮುಂದಿನ ಗಾಲಿಯನ್ನು ಎರಡು ಬೆರಳಿನಷ್ಟು ಎತ್ತಿದರೆ ಸಾಕಾಗುತ್ತದೆ. ಗಾಡಿ ಮುಂದಕ್ಕೆ ಸರಿದರೆ ಮೇನ್ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ ಎಂಬುದೊಂದನ್ನು ಮರೆಯಬಾರದು. ಸ್ಟ್ಯಾಂಡಿನ ಕಾಲಿಗೂ ಫ್ರೇಮಿನ ಮುಂದಿನ ಕೊಳವೆಗೂ ಗಟ್ಟಿ ಬೆಲ್ಟ್ ಬಿಗಿದರೆ ಅದು ಮಡಚುವುದಿಲ್ಲ. ಇದಕ್ಕೆ ಒಂದು ನಿಮಿಷ ಸಾಕು, ಆದರೂ ಬಹುತೇಕರು ಮಾಡುವುದಿಲ್ಲ.

ನೆಲದಿಂದ ಶುರು ಮಾಡಿ

ಜಾಕಿನ ಬಗ್ಗೆ ಬರೆಯುವವರು ನೆಲವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನಮ್ಮ ಕಡೆ ಹಾಗೆ ಮುಗಿಸಲು ಬರುವುದಿಲ್ಲ. ನವಲಗುಂದ, ಗದಗ, ಹುಬ್ಬಳ್ಳಿಯ ಪೂರ್ವ ಭಾಗವೆಲ್ಲ ಎರೆಭೂಮಿ. ಬೇಸಿಗೆಯಲ್ಲಿ ಕಲ್ಲಿನಂತೆ ಕಾಣುವ ಅದೇ ಮಣ್ಣು ಬಿರುಕು ಬಿಟ್ಟು ಒಳಗೆ ಪೊಳ್ಳಾಗಿರುತ್ತದೆ. ಒಂದು ಮಳೆ ಬಿದ್ದರೆ ಜಾಕಿನ ಪುಟ್ಟ ಗಾಲಿ ನಾದಿದ ಹಿಟ್ಟಿನಲ್ಲಿ ಬೆರಳು ಇಳಿದ ಹಾಗೆ ಇಳಿಯುತ್ತದೆ. ನಾಲ್ಕು ಗಾಲಿಗಳೂ ಒಟ್ಟಿಗೆ ಇಳಿದರೆ ಚಿಂತೆಯಿಲ್ಲ, ಒಂದು ಕಡೆಯದು ಮಾತ್ರ ಇಳಿಯುವುದೇ ಅಪಾಯ. ಬರೀ ಮಣ್ಣಿನ ಮೇಲೆ ಭಾರದ ಬೈಕನ್ನು ಜಾಕ್ ಮಾಡಲೇಬೇಡಿ.

ಅಂಗಳಕ್ಕೆ ಹಾಸಿದ ಶಹಾಬಾದ್ ಫರಸಿಯನ್ನೂ ಕುರುಡಾಗಿ ನಂಬುವಂತಿಲ್ಲ. ಕಲ್ಲಿನ ಕೆಳಗಿನ ಮಣ್ಣು ಕುಸಿದಿದ್ದರೆ ಭಾರ ಒಂದೇ ಬಿಂದುವಿಗೆ ಬಿದ್ದಾಗ ಫರಸಿ ಪಟ್ಟನೆ ಸೀಳುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಲ್ಲನ್ನು ಬಿಟ್ಟುಬಿಡಿ. ನುಣುಪು ಟೈಲ್ಸ್ ಇನ್ನೊಂದು ತೊಂದರೆ, ಅದರ ಮೇಲೆ ಒಂದು ಹನಿ ಚೈನ್ ಎಣ್ಣೆ ಬಿದ್ದರೂ ಜಾಕ್ ಜಾರುತ್ತದೆ. ಗಟ್ಟಿ ಕಾಂಕ್ರೀಟ್ ಎಲ್ಲಕ್ಕಿಂತ ಒಳ್ಳೆಯದು. ಉಳಿದ ಕಡೆ ಜಾಕಿನ ತಳಕ್ಕಿಂತ ಎಲ್ಲ ಬದಿಗೂ ಒಂದು ಗೇಣು ಹೆಚ್ಚು ಬರುವಂತೆ 18 ಮಿ.ಮೀ. ಪ್ಲೈವುಡ್ ಹಾಸಿ, ಅದರ ಮೇಲೆ ಜಾಕ್ ಇಡಿ.

ಮನೆ ಮುಂದಿನ ಪೋರ್ಚ್ ಸಮತಟ್ಟಾಗಿ ಕಂಡರೂ ಮಳೆನೀರು ಹರಿಯಲೆಂದು ಗೌಂಡಿ ಇಳಿಜಾರು ಕೊಟ್ಟೇ ಇರುತ್ತಾನೆ. ಒಂದು ಚೊಂಬು ನೀರು ಸುರಿದರೆ ಯಾವ ಕಡೆ, ಎಷ್ಟು ವೇಗವಾಗಿ ಹರಿಯುತ್ತದೆ ಎಂದು ತಿಳಿಯುತ್ತದೆ. ಇಳಿಜಾರು ಬೈಕಿನ ಉದ್ದಕ್ಕೆ ಸ್ವಲ್ಪ ಇದ್ದರೆ ಗಾಲಿಗೆ ಕಲ್ಲು ಕೊಟ್ಟು ನಿಭಾಯಿಸಬಹುದು, ಅಡ್ಡಕ್ಕೆ ಇದ್ದರೆ ಬೇರೆ ಜಾಗ ಹುಡುಕಿ. ಮುಂಡರಗಿ, ಗದಗದ ಕಡೆಯವರಿಗೆ ಇನ್ನೊಂದು ಮಾತು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಬಯಲಿನಲ್ಲಿ ಜಾಕಿನ ಮೇಲಿರುವ ಬೈಕಿಗೆ ಕವರ್ ಹೊದಿಸಿ ಊಟಕ್ಕೆ ಹೋದರೆ, ಆ ಕವರ್ ಗಾಳಿ ಹಿಡಿದು ಗಾಡಿಯನ್ನು ಕೆಡವಬಹುದು.

ಬೈಕಿನ ಹೊಟ್ಟೆ ಎಂಥದು

ಅಂಗಡಿಗೆ ಹೋಗುವ ಮೊದಲು ಟಾರ್ಚ್ ಹಿಡಿದು ಬೈಕಿನ ಪಕ್ಕದಲ್ಲಿ ಮಲಗಿ, ಎಂಜಿನ್ನಿನ ಕೆಳಗೆ ಏನಿದೆ ಎಂದು ನೋಡಿ. ಇಂಟರ್‌ಸೆಪ್ಟರ್ 650ಯಂಥ ಡಬಲ್ ಕ್ರೇಡಲ್ ಫ್ರೇಮಿನಲ್ಲಿ ಎರಡು ಕಬ್ಬಿಣದ ಕೊಳವೆಗಳು ಎಂಜಿನ್ನನ್ನು ತಬ್ಬಿಕೊಂಡು ಕೆಳಗಿನಿಂದ ಹಾದುಹೋಗುತ್ತವೆ. ಜಾಕ್ ಕೊಡಬೇಕಾದದ್ದು ಆ ಕೊಳವೆಗಳಿಗೇ. ಹಳೆಯ ಬುಲೆಟ್‌ಗಳಲ್ಲಿ ಮುಂದಿನ ಕೊಳವೆ ಎಂಜಿನ್ನಿಗೆ ಬಂದು ನಿಲ್ಲುತ್ತದೆ, ಎಂಜಿನ್ನೇ ಫ್ರೇಮಿನ ಭಾಗ. ಕೆಳಗೆ ಸಿಗುವುದು ಅಲ್ಯೂಮಿನಿಯಂ ಎರಕದ ಕೇಸ್. ಹಳೆಯ ಡ್ಯೂಕ್‌ಗಳಲ್ಲಿ ಸೈಲೆನ್ಸರಿನ ಡಬ್ಬಿಯೇ ಎಂಜಿನ್ ಅಡಿಗಿರುವುದರಿಂದ ಅಲ್ಲಿ ಜಾಕ್ ಕೊಡುವ ಮಾತೇ ಇಲ್ಲ. ಅಂಥ ಗಾಡಿಗೆ ಹಿಂಬದಿಯನ್ನು ಎರಡೂ ಬದಿಯಿಂದ ಹಿಡಿದೆತ್ತುವ ಪ್ಯಾಡಕ್ ಸ್ಟ್ಯಾಂಡೇ ಸರಿ.

ಆಯಿಲ್ ಡ್ರೇನ್ ಬೋಲ್ಟ್, ಆಯಿಲ್ ಫಿಲ್ಟರ್, ಸೈಲೆನ್ಸರ್ ಪೈಪ್, ಸೈಡ್ ಸ್ಟ್ಯಾಂಡಿನ ಸ್ವಿಚ್, ಇವುಗಳ ಮೇಲೆ ಒಂದು ಕಿಲೋ ಭಾರವೂ ಬೀಳಬಾರದು. ಎರಕದ ಕೇಸಿಗೇ ಜಾಕ್ ಕೊಡಬೇಕಾಗಿ ಬಂದರೆ ಚಪ್ಪಟೆಯಾದ ದಪ್ಪ ಭಾಗ ಹುಡುಕಿ, ನಡುವೆ ಅಗಲವಾದ ಮರದ ತುಂಡು ಇಡಿ. ಕಬ್ಬಿಣದ ಸಣ್ಣ ತಲೆ ನೇರವಾಗಿ ಒತ್ತಿದರೆ ಅಲ್ಯೂಮಿನಿಯಂ ಬಿರುಕು ಬಿಡುತ್ತದೆ. ಅದರ ಖರ್ಚಿನಲ್ಲಿ ಹಲವು ಜಾಕ್ ಬರುತ್ತವೆ. ಮಾಲೀಕರ ಕೈಪಿಡಿಯಲ್ಲಿ ಎತ್ತುವ ಜಾಗ ತೋರಿಸಿದ್ದರೆ ಈ ಹುಡುಕಾಟವೇ ಬೇಡ.

ಬಳಿಕ ಅಳತೆ. ಬೈಕನ್ನು ನೆಟ್ಟಗೆ ಹಿಡಿಯಲು ಒಬ್ಬರಿಗೆ ಹೇಳಿ, ನೆಲದಿಂದ ಆ ಎತ್ತುವ ಜಾಗದವರೆಗೆ ಟೇಪ್ ಹಿಡಿಯಿರಿ. ಕಂಪನಿಯ ಲೆಕ್ಕದಲ್ಲಿ ಕ್ಲಾಸಿಕ್ 350ರ ನೆಲದಂತರ (ಗ್ರೌಂಡ್ ಕ್ಲಿಯರೆನ್ಸ್) 170 ಮಿ.ಮೀ., ಸೂಪರ್ ಮೀಟಿಯರ್ 650ದು 135, ಹಿಮಾಲಯನ್ 450ಯದು 230. ಜಾಕಿನ ಕನಿಷ್ಠ ಎತ್ತರ ಇದಕ್ಕಿಂತ ಎರಡು ಸೆಂಟಿಮೀಟರಾದರೂ ಕಡಿಮೆ ಇರಬೇಕು. ಕನಿಷ್ಠ ಎತ್ತರ 18–20 ಸೆಂ.ಮೀ. ಇರುವ ಬಾಟಲ್ ಜಾಕ್‌ಗಳು ಸಾಕಷ್ಟಿವೆ. ಅವು ಕ್ಲಾಸಿಕ್ಕಿನ ಕೆಳಗೆ ಹೋಗುವುದೇ ಇಲ್ಲ. ಹಿಮಾಲಯನ್ ಇಟ್ಟುಕೊಂಡವರ ತೊಂದರೆ ಇದಕ್ಕೆ ವಿರುದ್ಧ. ಅದರ ಸಸ್ಪೆನ್ಶನ್ ಆಡುವ ಉದ್ದವೇ ಹಿಂದೆ ಮುಂದೆ 200 ಮಿ.ಮೀ. ಫ್ರೇಮ್ ಮೇಲೇರಿದಂತೆ ಗಾಲಿ ಕೆಳಕ್ಕೆ ಇಳಿಯುತ್ತಲೇ ಇರುತ್ತದೆ, ಹಲವು ಸೆಂಟಿಮೀಟರ್ ಎತ್ತಿದ ಮೇಲೆಯೇ ಟೈರ್ ನೆಲ ಬಿಡುತ್ತದೆ. ಜಾಕ್ ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂಬುದನ್ನೂ ಇಂಥ ಗಾಡಿಯವರು ಮೊದಲೇ ನೋಡಿಕೊಳ್ಳಬೇಕು.

ಯಾವ ಜಾಕ್ ಯಾರಿಗೆ

ಬಾಟಲ್ ಜಾಕ್ ಬೇಡ. ಹಳ್ಳಿಯ ಮನೆಗಳಲ್ಲಿ ಟ್ರ್ಯಾಕ್ಟರ್ ಟ್ರೇಲರಿಗೆಂದು ತಂದದ್ದು ಮೂಲೆಯಲ್ಲಿ ಇದ್ದೇ ಇರುತ್ತದೆ, ಅದಕ್ಕೇ ಆಸೆ ಹುಟ್ಟುತ್ತದೆ. ಅದರ ತಲೆ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ತಳ ಅಂಗೈಯಷ್ಟು. ಭಾರದ ಬೈಕನ್ನು ಅದರ ಮೇಲೆ ಕೂರಿಸಿದರೆ ಒಂದು ಕಡ್ಡಿಯ ತುದಿಯ ಮೇಲೆ ಭಾರ ಹೊರಿಸಿದ್ದಕ್ಕಿಂತ ಹೆಚ್ಚೇನೂ ಆಗುವುದಿಲ್ಲ.

ಕಾರಿನ ಟ್ರಾಲಿ ಜಾಕ್ ನೋಡಲು ಅಗಲವಾಗಿದೆ, ನಾಲ್ಕು ಗಾಲಿಯೂ ಇವೆ. ಆದರೆ ಅದರ ತೋಳು ನೆಟ್ಟಗೆ ಮೇಲೇರುವುದಿಲ್ಲ, ಕಮಾನಾಗಿ ಏರುತ್ತದೆ. ಏರುವಾಗ ಜಾಕ್ ತಾನೇ ಭಾರದ ಕೆಳಕ್ಕೆ ಉರುಳಿಕೊಂಡು ಹೋಗಬೇಕು. ಒರಟು ನೆಲದಲ್ಲಿ ಗಾಲಿ ಉರುಳದಿದ್ದರೆ ತಟ್ಟೆಯೇ ಬೈಕನ್ನು ಪಕ್ಕಕ್ಕೆ ಎಳೆಯುತ್ತದೆ. ಮೇಲಾಗಿ ಹಿಡಿಯುವುದು ಒಂದೇ ಕಡೆ. ಮೇನ್ ಸ್ಟ್ಯಾಂಡ್ ಮೇಲಿರುವ ಬೈಕಿನ ಮುಂಭಾಗ ಎತ್ತಲು, ಮರದ ತುಂಡು ಇಟ್ಟು ಬಳಸಬಹುದು. ಇಡೀ ಬೈಕಿಗೆ ಬೇಡ.

ಬೈಕಿಗೆಂದೇ ಬರುವ, ಕತ್ತರಿಯಂತೆ ಮಡಚುವ ಸಿಸರ್ ಜಾಕ್ ನನ್ನ ಮೆಚ್ಚಿನದು. ಕಾರಿನ ಡಿಕ್ಕಿಯಲ್ಲಿರುವ ಸಿಸರ್ ಜಾಕಿಗೂ ಇದಕ್ಕೂ ಸಂಬಂಧವಿಲ್ಲ. ಕಾರಿನದರ ತಲೆಯಲ್ಲಿ ಬಾಡಿಯ ಅಂಚು ಕೂರುವ ಸೀಳು ಇರುತ್ತದೆ, ಬೈಕಿನದರಲ್ಲಿ ರಬ್ಬರ್ ಹಾಸಿದ ಚಪ್ಪಟೆ ತಟ್ಟೆ. ಸ್ಕ್ರೂ ಮೇಲೆ ಕೆಲಸ ಮಾಡುವುದರಿಂದ ನೀವು ತಿರುಗಿಸಿದ ಹೊರತು ತಾನಾಗಿ ಇಳಿಯುವುದಿಲ್ಲ. ಸೋರಲು ಎಣ್ಣೆ ಇಲ್ಲ, ಹರಿಯಲು ಸೀಲ್ ಇಲ್ಲ. ನೆಟ್ಟಗೆ ಮೇಲೇರುತ್ತದೆ, ಮಂಚದ ಕೆಳಗೆ ಇಡಬಹುದು. ಕುಂದು ಒಂದೇ, ತಳ ಚಿಕ್ಕದು. ಒಂದು ಗಾಲಿ ನೆಲದಲ್ಲಿರುವಂತೆ ಸ್ವಲ್ಪವೇ ಎತ್ತುವ ಕೆಲಸಕ್ಕೆ ಇಷ್ಟು ಸಾಕು. ಮನೆಯಲ್ಲೇ ಬ್ರೇಕ್ ಪ್ಯಾಡ್, ಚೈನ್, ಪಂಕ್ಚರ್ ನೋಡಿಕೊಳ್ಳುವವರು ಇದಕ್ಕಿಂತ ಮುಂದೆ ಹೋಗಬೇಕಾಗಿಲ್ಲ.

ಎರಡೂ ಗಾಲಿ ಬಿಚ್ಚುವವರಿಗೆ, ಸೂಪರ್ ಮೀಟಿಯರಿನಂಥ ಗಾಡಿ ಇಟ್ಟುಕೊಂಡವರಿಗೆ ಎರಡು ತೋಳಿನ ಹೈಡ್ರಾಲಿಕ್ ಲಿಫ್ಟ್ ಜಾಕ್ ಸರಿ. ಬದಿಯಿಂದ ಒಳಕ್ಕೆ ತಳ್ಳಿ ಕಾಲಿನಿಂದ ಪಂಪ್ ಮಾಡುವ ಜಾಕ್ ಇದು. ರಬ್ಬರ್ ಹೊದಿಸಿದ ಎರಡು ಉದ್ದ ತೋಳು ಫ್ರೇಮನ್ನು ಅಡ್ಡಕ್ಕೆ ಹಿಡಿಯುತ್ತವೆ, ಬೆಲ್ಟ್ ಕಟ್ಟಲು ಕೊಂಡಿಗಳಿರುತ್ತವೆ. ಎಂಜಿನ್ನಿನ ಕೇಸ್ ಫ್ರೇಮಿನ ಕೊಳವೆಗಿಂತ ಕೆಳಗೆ ಜೋತಿದ್ದರೆ ತೋಳು ಮೊದಲು ಕೇಸಿಗೇ ತಾಗುತ್ತದೆ. ಆಗ ಕೊಳವೆಯ ಕೆಳಗೆ ಬರುವಂತೆ ಮರದ ಗಟ್ಟಿಗಳನ್ನು ತೋಳಿನ ಮೇಲೆ ಕಟ್ಟಬೇಕು. ಸುಮ್ಮನೆ ಇಟ್ಟರೆ ಸಾಲದು, ಕಟ್ಟಲೇಬೇಕು.

ಪ್ಯಾಡಕ್ ಸ್ಟ್ಯಾಂಡ್ ಜಾಕ್ ಅಲ್ಲದಿದ್ದರೂ ಹಿಂದಿನ ಗಾಲಿಗೆ ಇದರಷ್ಟು ಭದ್ರವಾದದ್ದು ಕಡಿಮೆ, ಏಕೆಂದರೆ ಸ್ವಿಂಗ್ ಆರ್ಮನ್ನು, ಅಂದರೆ ಹಿಂದಿನ ಗಾಲಿ ಕೂರುವ ತೋಳನ್ನು, ಎರಡೂ ಬದಿ ಹಿಡಿಯುತ್ತದೆ, ತಳವೂ ಅಗಲ. ಸ್ವಿಂಗ್ ಆರ್ಮಿನಲ್ಲಿ ಸ್ಪೂಲ್ (ಸ್ಟ್ಯಾಂಡ್ ಹಿಡಿಯುವ ಗುಂಡಿ) ಕೂರಿಸುವ ತೂತು ಇದ್ದರೆ ಅದರ ಅಳತೆ 6, 8, 10 ಮಿ.ಮೀ.ಗಳಲ್ಲಿ ಯಾವುದು ಎಂದು ಕೇಳಿಕೊಂಡು ಕೊಳ್ಳಿ. ಇಲ್ಲವಾದರೆ ರಬ್ಬರ್ ಕೊಕ್ಕೆಯದು. ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಪ್ರದೇಶಗಳಂಥ ಕಡೆ ಪಳಗಿದ ವೆಲ್ಡರ್‌ಗಳಿಗೆ ಬರವಿಲ್ಲ. ಬೈಕನ್ನೇ ಒಯ್ದು ಅಳತೆ ಕೊಟ್ಟು ಪ್ಯಾಡಕ್ ಸ್ಟ್ಯಾಂಡ್ ಮಾಡಿಸಿದರೆ ತಪ್ಪಿಲ್ಲ, ಪೈಪಿನ ದಪ್ಪದಲ್ಲಿ ಮಾತ್ರ ಜಿಪುಣತನ ಬೇಡ. ಹೈಡ್ರಾಲಿಕ್ ಜಾಕನ್ನು ಹೀಗೆ ಮಾಡಿಸುವ ಸಾಹಸಕ್ಕೆ ಹೋಗಬೇಡಿ.

ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್‌ಗಳ ಮೇಲೆ ಬೈಕ್ ಕೂರಿಸುವವರೂ ಇದ್ದಾರೆ. ಸಿಮೆಂಟ್ ಬ್ಲಾಕ್ ಮುನ್ಸೂಚನೆ ಕೊಡದೆ ಒಡೆಯುತ್ತದೆ. ಅಷ್ಟು ಹೇಳಿದರೆ ಸಾಕು.

ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು

ಸಾಮರ್ಥ್ಯ ಬೈಕಿನ ತೂಕದ ಎರಡು ಪಟ್ಟು ಇದ್ದರೆ ಆಯಿತು. ಕೆಲವು ಜಾಕ್‌ಗಳ ಮೇಲೆ ಪೌಂಡಿನಲ್ಲಿ ಬರೆದಿರುತ್ತಾರೆ. 1000 ಪೌಂಡ್ ಎಂದರೆ ಸುಮಾರು 454 ಕೆ.ಜಿ. ಅಷ್ಟು ನೋಡಿ ಟನ್ನಿನ ಮಾತು ಬಿಡಿ, ಜಾಕನ್ನು ನೆಲದ ಮೇಲಿಟ್ಟು ಪೂರ್ತಿ ಎತ್ತರಕ್ಕೆ ಏರಿಸಿ. ತೋಳಿನ ತುದಿ ಹಿಡಿದು ಅಡ್ಡಡ್ಡ ಅಲುಗಾಡಿಸಿ. ಕೀಲುಗಳಲ್ಲಿ ಸ್ವಲ್ಪ ಆಟ ಇದ್ದೇ ಇರುತ್ತದೆ, ಆದರೆ ತೋಳಿನ ತುದಿ ಬೆರಳಗಲ ಓಲಾಡಿದರೆ ಅದರ ಮೇಲೆ ಇನ್ನೂರು ಕೆ.ಜಿ. ಬಿದ್ದಾಗ ಏನಾದೀತೆಂದು ಊಹಿಸಿ. ವೆಲ್ಡಿಂಗ್ ಸಾಲುಗಳ ಮೇಲೆ ಉಗುರು ಓಡಿಸಿ. ಒಂದೇ ಸಮನಾಗಿರಬೇಕು; ತೂತು, ಬಿಟ್ಟ ಜಾಗ ಇರಬಾರದು. ದಪ್ಪ ಬಣ್ಣದ ಅಡಿಯಲ್ಲಿ ಕೆಟ್ಟ ಕೆಲಸ ಚೆನ್ನಾಗಿ ಅಡಗುತ್ತದೆ.

ಹೈಡ್ರಾಲಿಕ್ ಜಾಕಿನಲ್ಲಿ ಅತಿ ಮುಖ್ಯವಾದದ್ದು ಲಾಕ್. ಎಣ್ಣೆ ಎತ್ತುವುದಕ್ಕೆ, ಹೊರುವುದಕ್ಕೆ ಅಲ್ಲ. ಒಳಗಿನ ಸೀಲ್ ಸವೆದರೆ ಜಾಕ್ ನಿಧಾನವಾಗಿ ಕುಸಿಯುತ್ತದೆ, ಹರಿದರೆ ಒಮ್ಮೆಲೇ. ಎತ್ತಿದ ಮೇಲೆ ಭಾರವನ್ನು ಹೊರುವ ಕಬ್ಬಿಣದ ಪಟ್ಟಿ ಅಥವಾ ಪಿನ್ ಇರಲೇಬೇಕು. ಅದು ಎರಡು ಮೂರು ಎತ್ತರಗಳಲ್ಲಿ ಬೀಳುವಂತಿದ್ದರೆ ಇನ್ನೂ ಒಳ್ಳೆಯದು. ಲಾಕ್ ಇಲ್ಲದ್ದು ಎಷ್ಟೇ ಅಗ್ಗಕ್ಕೆ ಬಂದರೂ ಬಿಟ್ಟು ಬನ್ನಿ. ಕೊನೆಗೆ ಯಾರನ್ನಾದರೂ ತೋಳಿನ ಮೇಲೆ ನಿಲ್ಲಿಸಿ ರಿಲೀಸ್ ವಾಲ್ವನ್ನು ಮೆಲ್ಲಗೆ ತಿರುಗಿಸಿ. ಇಳಿತ ನಿಮ್ಮ ಕೈಯ ಹಿಡಿತದಲ್ಲಿರಬೇಕು, ದೊಪ್ಪನೆ ಬೀಳಬಾರದು.

ಎತ್ತುವ ಕ್ರಮ

ಲಗೇಜ್ ಬಾಕ್ಸ್, ಬ್ಯಾಗುಗಳನ್ನು ಮೊದಲು ಇಳಿಸಿ. ಟ್ಯಾಂಕ್ ತುಂಬಿಸಿಕೊಂಡು ಬಂದ ದಿನವೇ ಈ ಕೆಲಸ ಇಟ್ಟುಕೊಳ್ಳಬೇಡಿ: 13 ಲೀಟರ್ ಪೆಟ್ರೋಲ್ ಎಂದರೆ ಸುಮಾರು ಹತ್ತು ಕಿಲೋ, ಅದೂ ಎತ್ತರದಲ್ಲಿ. ಗಾಲಿ ಬಿಚ್ಚುವುದಿದ್ದರೆ ಆಕ್ಸಲ್ ನಟ್ಟನ್ನು ಗಾಡಿ ನೆಲದಲ್ಲಿರುವಾಗಲೇ ಸಡಿಲಿಸಿ. ಜಾಕ್ ಮೇಲಿರುವ ಬೈಕಿಗೆ ಉದ್ದ ಪಾನಾ ಹಾಕಿ ಜಗ್ಗುವುದು ಬೈಕ್ ಕೆಡವಲು ಅತಿ ಸುಲಭದ ದಾರಿ.

ಎಂಜಿನ್ ಆಫ್ ಮಾಡಿ, ಹ್ಯಾಂಡಲ್ ನೆಟ್ಟಗಿಡಿ. ಹಿಂಬದಿ ಎತ್ತುವುದಾದರೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಮುಂದಿನ ಬ್ರೇಕ್ ಲಿವರನ್ನು ಹಿಡಿಗೆ ಬಿಗಿಯಿರಿ; ಮುಂಬದಿಯಾದರೆ ಮೊದಲ ಗೇರಿನಲ್ಲಿಟ್ಟು ಹಿಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಡಿ. ಇನ್ನೊಬ್ಬರು ಹ್ಯಾಂಡಲನ್ನೂ ಹಿಂದಿನ ಹಿಡಿಯನ್ನೂ ಹಿಡಿದು ಬೈಕನ್ನು ನೆಟ್ಟಗೆ ನಿಲ್ಲಿಸಲಿ. ಭಾರದ ಗಾಡಿಯನ್ನು ಒಬ್ಬರೇ ಎತ್ತುವ ವೀಡಿಯೊ ಎಷ್ಟಾದರೂ ಸಿಗುತ್ತವೆ. ನೀವು ನೆರೆಯವರನ್ನು ಕರೆಯಿರಿ.

ಜಾಕ್ ತಾಗುವವರೆಗೆ ಏರಿಸಿ, ನಿಲ್ಲಿಸಿ, ಬಗ್ಗಿ ಎರಡೂ ಬದಿಯಿಂದ ನೋಡಿ. ಮತ್ತೆ ಎರಡು ಸೆಂಟಿಮೀಟರ್ ಏರಿಸಿ, ಯಾವ ಗಾಲಿ ಹಗುರಾಗುತ್ತಿದೆ ಎಂದು ಗಮನಿಸಿ. ಮುಂದಿನದು ಏಳುತ್ತಿದ್ದರೆ ಜಾಕ್ ಭಾರದ ಕೇಂದ್ರಕ್ಕಿಂತ ಮುಂದಿದೆ, ಹಿಂದಿನದು ಏಳುತ್ತಿದ್ದರೆ ಹಿಂದಿದೆ. ಬಿಚ್ಚಬೇಕಾದ ಗಾಲಿ ಮೊದಲು ಏಳುವಂತೆ ಜಾಕನ್ನು ಸರಿಸಿಕೊಳ್ಳಿ. ಆಗ ಆ ಗಾಲಿ ಬಿಚ್ಚಿ ತೆಗೆದ ಮೇಲೆ ನೆಲದ ಮೇಲಿನ ಗಾಲಿ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಸರಿಯಾಗಿ ನಟ್ಟನಡುವೆ ಜಾಕ್ ಕೊಟ್ಟು ಎರಡೂ ಗಾಲಿ ಎತ್ತಿದವರಿಗೆ ಇದಕ್ಕೆ ತದ್ವಿರುದ್ಧ ಅನುಭವವಾಗುತ್ತದೆ. ಒಂದು ಗಾಲಿ ತೆಗೆದ ಕ್ಷಣ ಇನ್ನೊಂದು ಕಡೆಗೆ ಬೈಕ್ ಮೂತಿ ಊರುತ್ತದೆ. ಎರಡೂ ಎತ್ತಲೇಬೇಕಾದರೆ ಫ್ರೇಮಿನಿಂದ ಜಾಕಿನ ಕೊಂಡಿಗಳಿಗೆ ನಾಲ್ಕು ದಿಕ್ಕಿಗೂ ರ್‍ಯಾಚೆಟ್ ಬೆಲ್ಟ್ ಬಿಗಿದ ಮೇಲೆಯೇ ಗಾಲಿಗೆ ಕೈ ಹಾಕಿ.

ತೋಳು ಕಮಾನಾಗಿ ಏರುವ ಮಾದರಿಯಾದರೆ ಎತ್ತುವಾಗ ಜಾಕಿನ ಗಾಲಿಗಳು ಸಡಿಲವಾಗಿರಲಿ, ಎತ್ತಿ ಮುಗಿದ ಮೇಲೆ ಆ ಗಾಲಿಗಳಿಗೆ ಲಾಕ್ ಹಾಕಿ. ಟೈರಿನ ಕೆಳಗೆ ಕೈ ಹೋಗುವಷ್ಟು ಎತ್ತರ ಬಂದರೆ ಸಾಕು. ಸುರಕ್ಷತೆಯ ಪಟ್ಟಿ ಬೀಳಿಸಿ, ರಿಲೀಸ್ ವಾಲ್ವನ್ನು ತುಸುವೇ ಬಿಟ್ಟು ಭಾರ ಪಟ್ಟಿಯ ಮೇಲೆ ಕೂರುವಂತೆ ಮಾಡಿ, ವಾಲ್ವ್ ಮತ್ತೆ ಮುಚ್ಚಿ. ಸೀಟಿನ ಹಿಂಭಾಗ ಹಿಡಿದು ಮೆಲ್ಲಗೆ ಅಲುಗಾಡಿಸಿ ನೋಡಿ. ಆಡಿತೆನಿಸಿದರೆ ಇಳಿಸಿ ಮೊದಲಿನಿಂದ ಮಾಡಿ. ಮುಂದಿನ ಗಾಲಿಗೂ ಪ್ಯಾಡಕ್ ಸ್ಟ್ಯಾಂಡ್ ಬಳಸುವವರು ಹಿಂದಿನದನ್ನು ಮೊದಲು ಹಾಕಬೇಕು, ತೆಗೆಯುವಾಗ ಮುಂದಿನದನ್ನು ಮೊದಲು ತೆಗೆಯಬೇಕು. ಗಾಲಿ ಎತ್ತಿರುವಾಗ ಎಂಜಿನ್ ಚಾಲೂ ಮಾಡಿ ಚೈನಿಗೆ ಎಣ್ಣೆ ಬಿಡುವ ಅಭ್ಯಾಸವಿದ್ದರೆ ಇಂದೇ ಬಿಡಿ. ಬೆರಳು ಹೋಗುವುದು ಅಲ್ಲೇ. ಗಾಲಿಯನ್ನು ಕೈಯಿಂದ ತಿರುಗಿಸಿದರೆ ಸಾಕು.

ಇಳಿಸುವಾಗ

ಕೆಲಸ ಮುಗಿದ ಅವಸರದಲ್ಲಿ ಮರೆಯುವುದು ಸೈಡ್ ಸ್ಟ್ಯಾಂಡ್. ಇಳಿಸುವ ಮೊದಲೇ ಅದನ್ನು ಹೊರಕ್ಕೆ ಚಾಚಿಡಿ, ಕೆಳಗೆ ಉಳಿದ ಪಾನಾ, ನಟ್ಟುಗಳನ್ನು ತೆಗೆಯಿರಿ. ತುಸು ಮೇಲೆತ್ತಿ ಲಾಕ್ ಪಟ್ಟಿ ಬಿಡಿಸಿ, ಜೊತೆಗಾರರು ಹ್ಯಾಂಡಲ್ ಹಿಡಿದ ಮೇಲೆ ವಾಲ್ವನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ. ಎರಡೂ ಟೈರ್ ನೆಲಕ್ಕೆ ಊರಿ, ಗಾಡಿ ಸೈಡ್ ಸ್ಟ್ಯಾಂಡಿಗೆ ಒರಗಿದ ಮೇಲೆ ಜಾಕನ್ನು ಹೊರಕ್ಕೆ ಎಳೆಯಿರಿ. ಆಕ್ಸಲ್ ನಟ್ಟಿನ ಕೊನೆಯ ಬಿಗಿತ ಈಗಲೇ, ಕೈಪಿಡಿಯಲ್ಲಿ ಹೇಳಿದಷ್ಟು.

ಜಾಕನ್ನು ಪೂರ್ತಿ ಇಳಿಸಿ, ಧೂಳು ಒರೆಸಿ ಒಳಗಿಡಿ. ಮುಂದಿನ ಸಲ ಪಂಪ್ ಮಾಡಿದಾಗ ಮೆತ್ತಗೆ ಅನಿಸಿದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಭಾರವಿಲ್ಲದಾಗ ವಾಲ್ವ್ ತೆರೆದು ಕೆಲವು ಸಲ ಪಂಪ್ ಮಾಡಿದರೆ ಹೊರಹೋಗುತ್ತದೆ. ಡಿಸ್ಕ್ ಬ್ರೇಕಿನ ಗಾಲಿ ಬಿಚ್ಚಿ ಹಾಕಿದ್ದರೆ ಬೈಕನ್ನು ಗೇಟಿನಾಚೆ ತೆಗೆಯುವ ಮೊದಲು ಲಿವರನ್ನು ನಾಲ್ಕಾರು ಸಲ ಒತ್ತಿ. ಹಿಂದಕ್ಕೆ ಸರಿದ ಪ್ಯಾಡ್‌ಗಳು ಡಿಸ್ಕಿಗೆ ತಾಗುವವರೆಗೆ ಮೊದಲ ಒತ್ತುಗಳು ಖಾಲಿಯಾಗಿಯೇ ಹೋಗುತ್ತವೆ, ಆ ಖಾಲಿ ಒತ್ತುಗಳು ರಸ್ತೆಯ ಮೇಲೆ ಆಗಬಾರದು.